ಡ್ಯಾಕ್ ತಗೊಂಡ್ರಿ, ಧ್ವನಿ ಎಲ್ಲಿ ಕೆಡಾಕತ್ತೈತಿ?

ಫೋನಿನಿಂದ 3.5 ಎಂಎಂ ಜಾಕ್ ಮಾಯವಾದ ಮೇಲೆ ಕ್ಯಾಂಪಸ್ಸಿನಲ್ಲಿ ಹೊಸ ಸಾಮಾನೊಂದು ಕಾಣಿಸತೊಡಗಿದೆ. ಬೆರಳುದ್ದದ ಡಬ್ಬಿ, ಒಂದು ಕಡೆ ಯುಎಸ್‌ಬಿ-ಸಿ ಬಾಲ, ಇನ್ನೊಂದು ಕಡೆ ಹೆಡ್‌ಫೋನ್ ಹಾಕುವ ತೂತು. ಅಂಗಡಿಯವರು ಇದಕ್ಕೆ ಡಾಂಗಲ್ ಅಂತಾರೆ, ಸ್ವಲ್ಪ ಓದಿಕೊಂಡವರು ಪೋರ್ಟಬಲ್ ಡ್ಯಾಕ್-ಆಂಪ್ ಅಂತಾರೆ. ಕೆಲವರು ಒಂದು ಸಾವಿರದೊಳಗೆ ಮುಗಿಸಿದ್ದಾರೆ, ಕೆಲವರು ತಿಂಗಳ ಮೆಸ್ ಬಿಲ್ಲಿಗಿಂತ ಹೆಚ್ಚು ಕೊಟ್ಟಿದ್ದಾರೆ. ಹಾಕಿಕೊಂಡು ಕೇಳಿದ ಮೇಲೆ ಇಬ್ಬರದೂ ಒಂದೇ ಮಾತು: "ಏನ್ ಭಾಳ ಫರಕ್ ಅನಿಸ್ಲಿಲ್ಲಲೇ ದೋಸ್ತ."

ಯಾಕೆ ಅನಿಸಲಿಲ್ಲ ಅನ್ನೋದೇ ಈ ಲೇಖನದ ವಿಷಯ. ಮೊದಲೇ ಒಂದು ಮಾತು ಹೇಳಿಬಿಡೋಣ. ಈ ಡಬ್ಬಿ ಹಾಡಿಗೆ ಏನನ್ನೂ ಸೇರಿಸುವುದಿಲ್ಲ, ಸೇರಿಸಲೂಬಾರದು. ಫೈಲಿನಿಂದ ಹೊರಟ ಧ್ವನಿ ನಿಮ್ಮ ಕಿವಿ ಮುಟ್ಟುವಷ್ಟರಲ್ಲಿ ಐದಾರು ಕಡೆ ಕೆಡಬಹುದು. ಡಬ್ಬಿ ಸರಿಮಾಡುವುದು ಅದರಲ್ಲಿ ಒಂದೋ ಎರಡೋ ಜಾಗವನ್ನು ಮಾತ್ರ. ಉಳಿದದ್ದನ್ನು ನಾವೇ ನೋಡಿಕೊಳ್ಳಬೇಕು, ಅದೂ ಬಹುಪಾಲು ಪುಕ್ಕಟೆಯಾಗಿ.

ಗದಗಿನವರಿಗೆ ಇದು ಯಾಕೆ ಮುಖ್ಯ?

ನಮ್ಮದು ಕಿವಿಯಿಂದ ಕಲಿತವರ ಊರು. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ (1892–1944) ಅವರ ನಂತರ ಅದನ್ನು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಕಲಿತ ಎಷ್ಟೋ ಅಂಧ ಮಕ್ಕಳಿಗೆ ಸಂಗೀತವಷ್ಟೇ ಅಲ್ಲ, ಬದುಕೂ ಕಿವಿಯ ಮೂಲಕವೇ ಸಿಕ್ಕಿತು. 1922ರಲ್ಲಿ ಹುಟ್ಟಿ ಇದೇ ನೆಲದಲ್ಲಿ ಬೆಳೆದ ಭೀಮಸೇನ ಜೋಶಿ, ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡು ಕೇಳಿ ಮರುಳಾಗಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಆಗ ಅವರಿಗೆ 11 ವರ್ಷ.

ಆ ಕಾಲದ ರೆಕಾರ್ಡು ಅಂದ್ರೆ ಏನು? ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ, ಒಂದು ಬದಿಗೆ ಮೂರು ಮೂರೂವರೆ ನಿಮಿಷದ ಹಾಡು, ಜೊತೆಗೆ ಸೂಜಿಯ ಕರಕರ. ಇಂದಿನ ಅಗ್ಗದ ಡಾಂಗಲ್ ಕೂಡ ಅಳತೆಯ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಪಾಲು ಮೇಲು. ಆಮೇಲೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ನಮ್ಮ ಅಜ್ಜ-ಅಜ್ಜಿಯರು ಕೇಳಿದ್ದು ಮೀಡಿಯಂ ವೇವ್‌ನಲ್ಲಿ. ನಮ್ಮಲ್ಲಿ ಆ ಸ್ಟೇಷನ್ನುಗಳ ನಡುವಿನ ಅಂತರ 9 ಕಿಲೋಹರ್ಟ್ಝ್, ಹಾಗಾಗಿ ಸಿಗುವ ಧ್ವನಿ ಹೆಚ್ಚುಕಡಿಮೆ 4.5 ಕಿಲೋಹರ್ಟ್ಝ್‌ವರೆಗೆ ಮಾತ್ರ. ಅಷ್ಟರಲ್ಲೇ ಅವರು ರಾಗ ಗುರುತಿಸಿದರು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಡಬ್ಬಿಯ ಮೇಲೆ ಬರೆದ ದೊಡ್ಡ ನಂಬರಿನಿಂದ ಸಂಗೀತ ಹುಟ್ಟುವುದಿಲ್ಲ. ಎರಡು, ಈ ಇಡೀ ಸರಪಳಿಯಲ್ಲಿ ಹೊಸದು ಕೊಳ್ಳಲಾಗದ ಸಾಮಾನು ಒಂದೇ, ಅದು ಕಿವಿ.

ಡಬ್ಬಿಯೊಳಗೆ ಏನಿದೆ?

ಎರಡು ಕೆಲಸಗಾರರಿದ್ದಾರೆ. ಮೊದಲನೆಯವನು ಡ್ಯಾಕ್. ಸೊನ್ನೆ-ಒಂದುಗಳನ್ನು ವೋಲ್ಟೇಜಾಗಿ ಬದಲಿಸುವುದು ಅವನ ಕೆಲಸ. ಎರಡನೆಯವನು ಆಂಪ್ಲಿಫೈಯರ್. ಆ ವೋಲ್ಟೇಜಿಗೆ ಹೆಡ್‌ಫೋನನ್ನು ಅಲ್ಲಾಡಿಸುವಷ್ಟು ಕರೆಂಟಿನ ಬಲ ಕೊಡುವುದು ಅವನ ಪಾಲು.

ಡ್ಯಾಕ್ ಕೆಲಸ ಇವತ್ತು ಹೆಚ್ಚುಕಡಿಮೆ ಮುಗಿದ ಅಧ್ಯಾಯ. 16 ಬಿಟ್ ಧ್ವನಿಯ ಡೈನಾಮಿಕ್ ರೇಂಜ್ ಸುಮಾರು 98 ಡಿಬಿ. 44.1 ಕಿಲೋಹರ್ಟ್ಝ್ ಸ್ಯಾಂಪ್ಲಿಂಗ್ ಅಂದ್ರೆ ನೈಕ್ವಿಸ್ಟ್ ಪ್ರಕಾರ 22.05 ಕಿಲೋಹರ್ಟ್ಝ್‌ವರೆಗಿನ ಧ್ವನಿ. ಮನುಷ್ಯನ ಕಿವಿ 20 ಕಿಲೋಹರ್ಟ್ಝ್ ದಾಟುವುದಿಲ್ಲ, ವಯಸ್ಸಾದಂತೆ ಅದೂ ಇಳಿಯುತ್ತದೆ. ಹಾಗಾಗಿ "32 ಬಿಟ್, 384 ಕಿಲೋಹರ್ಟ್ಝ್" ಅಂತ ಬರೆದಿದ್ದರೆ ಅದು ಚಿಪ್ಪಿನ ಸಾಮರ್ಥ್ಯ, ನಿಮ್ಮ ಕಿವಿಗೆ ಬರುವ ಲಾಭ ಅಲ್ಲ. ನಿಜವಾದ ವ್ಯತ್ಯಾಸ ಇರೋದು ಆಂಪ್ಲಿಫೈಯರಿನಲ್ಲಿ: ಎಷ್ಟು ವೋಲ್ಟ್ ಕೊಡುತ್ತದೆ, ಎಷ್ಟು ಕರೆಂಟ್ ಕೊಡುತ್ತದೆ, ಔಟ್‌ಪುಟ್ ಇಂಪೆಡೆನ್ಸ್ ಎಷ್ಟು, ಏನೂ ಹಾಡು ಇಲ್ಲದಾಗ ಎಷ್ಟು ಸದ್ದು ಮಾಡುತ್ತದೆ. ಈ ನಾಲ್ಕು ಗೊತ್ತಾದರೆ ಸಾಕು.

ಮೊದಲು ಫೈಲು, ಆಮೇಲೆ ಫೋನು

ಯಾರೋ ಹಳೇ ಕ್ಯಾಸೆಟ್ಟಿನಿಂದ ತೆಗೆದು, ಎಂಪಿ3 ಮಾಡಿ, ಮತ್ತೆ ವಿಡಿಯೋಗೆ ಸೇರಿಸಿ ಅಪ್‌ಲೋಡ್ ಮಾಡಿದ ಹಾಡಿಗೆ ಯಾವ ಡ್ಯಾಕೂ ಜೀವ ಕೊಡುವುದಿಲ್ಲ. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಫೈಲಿನ ಗಾತ್ರ ಬೆಳೆಯುತ್ತದೆ, ಕಳೆದುಹೋದದ್ದು ವಾಪಸ್ ಬರುವುದಿಲ್ಲ. ಅನುಮಾನವಿದ್ದರೆ ಫೈಲನ್ನು ಆಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರೋಗ್ರಾಂ ನೋಡ್ರಿ. ಹೊಸ ರೆಕಾರ್ಡಿಂಗ್ ಅಂತ ಹೇಳಿಕೊಂಡ ಫೈಲು 16 ಕಿಲೋಹರ್ಟ್ಝ್‌ನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ನಿಂತಿದ್ದರೆ, ಅದು ಒಮ್ಮೆ ಕಡಿಮೆ ಬಿಟ್‌ರೇಟಿನ ಎಂಪಿ3 ಆಗಿ ಬಂದಿರುವ ಸಾಧ್ಯತೆ ಹೆಚ್ಚು. ಹಳೆಯ 78ರ ತಟ್ಟೆಯಿಂದ ತೆಗೆದದ್ದಾದರೆ ಬೇರೆ ಮಾತು. ಅಲ್ಲಿ ಮೇಲಿನ ಧ್ವನಿ ಮೊದಲೇ ಇರಲಿಲ್ಲ. ಅಂಥದ್ದರಲ್ಲಿ ಕರಕರ ತೆಗೆಯಲು ಹೋಗಿ ತಂಬೂರಿಯನ್ನೂ ಒರೆಸಿ ಹಾಕಿದ ಪ್ರತಿಗಿಂತ, ಕರಕರ ಇರುವ ಪ್ರತಿಯೇ ವಾಸಿ.

ಸ್ಟ್ರೀಮಿಂಗ್ ಆಪಿನಲ್ಲಿ ಡೇಟಾ ಉಳಿಸುವ ಸೆಟ್ಟಿಂಗ್ ಹಾಕಿಟ್ಟು, ಹೊರಗಡೆ ಐದು ಸಾವಿರದ ಡಬ್ಬಿ ಸಿಕ್ಕಿಸಿದವರೂ ಇದ್ದಾರೆ. ಮೊದಲು ಆ ಸೆಟ್ಟಿಂಗ್ ಬದಲಿಸಿ. ಬಸ್ಸಿನಲ್ಲಿ ನೆಟ್‌ವರ್ಕ್ ಕೈಕೊಡುವ ದಾರಿಯಾದರೆ, ಹಾಸ್ಟೆಲ್ ವೈಫೈನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇನ್ನು ಫೋನು. ಆಂಡ್ರಾಯ್ಡ್ ನಿಮ್ಮ ಹಾಡು, ವಾಟ್ಸಾಪ್ ಟಿಂಗ್, ಮ್ಯಾಪಿನ ದನಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೆರೆಸುತ್ತದೆ. ಬೆರೆಸಲು ಎಲ್ಲವೂ ಒಂದೇ ಸ್ಯಾಂಪಲ್ ರೇಟಿನಲ್ಲಿ ಇರಬೇಕಲ್ಲ, ಅದಕ್ಕೆ 44.1ರ ಹಾಡನ್ನು ಸಾಮಾನ್ಯವಾಗಿ 48ಕ್ಕೆ ಬದಲಿಸುತ್ತದೆ. ಅನುಪಾತ ನೋಡ್ರಿ: 160ಕ್ಕೆ 147. ಡಿಎಸ್‌ಪಿ ಓದಿದವರಿಗೆ ಗೊತ್ತು, ಇದನ್ನು ಚೆನ್ನಾಗಿಯೂ ಮಾಡಬಹುದು, ಕೆಟ್ಟದಾಗಿಯೂ ಮಾಡಬಹುದು. ಈಗಿನ ಫೋನುಗಳು ಚೆನ್ನಾಗಿಯೇ ಮಾಡುತ್ತವೆ. ಆದರೂ ಅದನ್ನು ತಪ್ಪಿಸಬೇಕೆಂದರೆ ಯುಎಸ್‌ಬಿ ಡ್ಯಾಕಿಗೆ ನೇರ ದಾರಿ ಮಾಡಿಕೊಡುವ ಪ್ಲೇಯರ್ ಆಪುಗಳಿವೆ. ಆಂಡ್ರಾಯ್ಡ್ 14ರಿಂದ ಸಿಸ್ಟಂನಲ್ಲೇ ಆ ಅವಕಾಶ ಬಂದಿದೆ, ಫೋನೂ ಆಪೂ ಅದನ್ನು ಬಳಸಿಕೊಳ್ಳಬೇಕಷ್ಟೇ.

ಇದಕ್ಕಿಂತ ಹೆಚ್ಚು ಕೆಡಿಸುವುದು ಫೋನಿನಲ್ಲಿ ಅಡಗಿ ಕೂತ "ಸೌಂಡ್ ಎಫೆಕ್ಟ್" ಗುಂಪು: ಬಾಸ್ ಬೂಸ್ಟ್, 3ಡಿ, ಸಿನಿಮಾ ಮೋಡ್. ಮೊದಲ ದಿನವೇ ಎಲ್ಲ ಆಫ್ ಮಾಡ್ರಿ. ಈಕ್ವಲೈಜರ್ ಬೇಕೇಬೇಕು ಅಂದ್ರೆ ಬಳಸಿ, ತಪ್ಪಿಲ್ಲ. ಆದರೆ ಬಾಸನ್ನು 6 ಡಿಬಿ ಏರಿಸಿದರೆ ಪ್ರಿಆಂಪನ್ನು 6 ಡಿಬಿ ಇಳಿಸಬೇಕು. ಇಲ್ಲದಿದ್ದರೆ ತಬಲಾದ ಡಗ್ಗಾ ಪೆಟ್ಟು ಬಿದ್ದಾಗಲೆಲ್ಲ ತರಂಗದ ತಲೆ ಚಪ್ಪಟೆಯಾಗುತ್ತದೆ, ನೀವು ಡ್ಯಾಕಿಗೆ ಬೈಯುತ್ತೀರಿ.

ವಾಲ್ಯೂಮ್ ಎಲ್ಲಿ ಏರಿಸಬೇಕು?

ಡಬ್ಬಿಗೆ ತನ್ನದೇ ತಿರುಗುವ ಗುಂಡಿ ಇದ್ದರೆ, ಫೋನಿನ ವಾಲ್ಯೂಮನ್ನು ಹೆಚ್ಚುಕಡಿಮೆ ಪೂರ್ತಿ ಏರಿಸಿ, ಹೆಚ್ಚು-ಕಡಿಮೆ ಮಾಡುವುದನ್ನು ಗುಂಡಿಯಲ್ಲಿ ಮಾಡಿ. ಗುಂಡಿ ಇಲ್ಲದಿದ್ದರೆ ಫೋನಿನಲ್ಲೇ ಇಳಿಸಿ, ಚಿಂತೆ ಬೇಡ. ಡಿಜಿಟಲ್ ವಾಲ್ಯೂಮಿನಲ್ಲಿ ಪ್ರತಿ 6 ಡಿಬಿ ಇಳಿಸಿದಾಗ ಒಂದು ಬಿಟ್ ಹೋಗುತ್ತದೆ ಅನ್ನೋದು ನಿಜ. ಆದರೆ 16 ಬಿಟ್ ಹಾಡು 24 ಬಿಟ್ ದಾರಿಯಲ್ಲಿ ಹೋಗುವಾಗ 8 ಬಿಟ್ ಖಾಲಿ ಇರುತ್ತವೆ. ಅಂದ್ರೆ 48 ಡಿಬಿ ಇಳಿಸಿದರೂ ಹಾಡಿನ ಬಿಟ್ಟು ಕಳೆಯುವುದಿಲ್ಲ.

ಫೋನಿನಲ್ಲಿ ಇನ್ನೂ ಜಾಕ್ ಉಳಿದಿದ್ದರೆ, ಆ ಜಾಕಿನಿಂದ ತಂತಿ ಎಳೆದು ಪೋರ್ಟಬಲ್ ಆಂಪಿಗೆ ಕೊಡಬೇಡಿ. ಆಗ ಫೋನಿನ ಆಂಪಿನ ಮೇಲೆ ಇನ್ನೊಂದು ಆಂಪ್ ಕೂತಂತೆ: ಮೊದಲನೆಯದರ ಸದ್ದನ್ನು ಎರಡನೆಯದು ದೊಡ್ಡದು ಮಾಡುತ್ತದೆ. ಯುಎಸ್‌ಬಿಯಿಂದ ಡಿಜಿಟಲ್ ಆಗಿಯೇ ಕೊಡಿ.

ಗೇನ್ ಸ್ವಿಚ್ ಇದ್ದರೆ ಯಾವಾಗಲೂ "ಲೋ"ನಲ್ಲಿ ಶುರುಮಾಡಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಬೇಕು.

ಲೆಕ್ಕ: ನಿಮ್ಮ ಹೆಡ್‌ಫೋನಿಗೆ ಎಷ್ಟು ಬೇಕು?

ಹೆಡ್‌ಫೋನ್ ಡಬ್ಬಿಯ ಮೇಲೆ ಎರಡು ನಂಬರ್ ಇರುತ್ತವೆ: ಇಂಪೆಡೆನ್ಸ್ ಓಂನಲ್ಲಿ, ಸೆನ್ಸಿಟಿವಿಟಿ ಡಿಬಿಯಲ್ಲಿ. ಸೆನ್ಸಿಟಿವಿಟಿ ಒಂದು ಮಿಲಿವ್ಯಾಟಿಗೋ ಒಂದು ವೋಲ್ಟಿಗೋ ಅಂತ ನೋಡಿಕೊಳ್ಳಿ, ಎರಡೂ ಒಂದೇ ಅಲ್ಲ. ಸರಾಸರಿ 80–85 ಡಿಬಿಯಲ್ಲಿ ಕೇಳುವಾಗ, ಸಂಗೀತದ ಕ್ಷಣಿಕ ಶಿಖರಗಳಿಗೆ 25 ಡಿಬಿ ಜಾಗ ಬಿಟ್ಟರೆ, ಆಂಪ್ ಗರಿಷ್ಠ 110 ಡಿಬಿ ಮುಟ್ಟುವಂತಿದ್ದರೆ ಸಾಕು. ಬೇಕಾಗುವ ಪವರನ್ನು ಮಿಲಿವ್ಯಾಟಿನ ಸೆನ್ಸಿಟಿವಿಟಿಯಿಂದ ತೆಗೆಯಬಹುದು. ವೋಲ್ಟ್ ಬೇಕಾದರೆ ಪವರನ್ನು ಓಂನಿಂದ ಗುಣಿಸಿ ವರ್ಗಮೂಲ ತೆಗೆದರಾಯ್ತು. ನಾಲ್ಕು ಉದಾಹರಣೆ ನೋಡೋಣ.

- ಕಿವಿಯೊಳಗೆ ಕೂರುವ ಇಯರ್‌ಫೋನ್, 16 ಓಂ, 112 ಡಿಬಿ: 0.63 ಮಿಲಿವ್ಯಾಟ್, 0.1 ವೋಲ್ಟ್, 6 ಮಿಲಿಆಂಪಿಯರ್.
- ಸಾಧಾರಣ ಹೆಡ್‌ಫೋನ್, 32 ಓಂ, 100 ಡಿಬಿ: 10 ಮಿಲಿವ್ಯಾಟ್, 0.57 ವೋಲ್ಟ್, 18 ಮಿಲಿಆಂಪಿಯರ್.
- ಸ್ಟುಡಿಯೋ ಹೆಡ್‌ಫೋನ್, 300 ಓಂ, 97 ಡಿಬಿ: 20 ಮಿಲಿವ್ಯಾಟ್, 2.45 ವೋಲ್ಟ್, 8 ಮಿಲಿಆಂಪಿಯರ್.
- ಪ್ಲೇನಾರ್ ಹೆಡ್‌ಫೋನ್, 20 ಓಂ, 90 ಡಿಬಿ: 100 ಮಿಲಿವ್ಯಾಟ್, 1.4 ವೋಲ್ಟ್, 71 ಮಿಲಿಆಂಪಿಯರ್.

1 ವೋಲ್ಟ್ ಕೊಡುವ ಸಣ್ಣ ಡಾಂಗಲ್ ಮೊದಲ ಎರಡಕ್ಕೆ ಧಾರಾಳವಾಗಿ ಸಾಕು. ಮೂರನೆಯದಕ್ಕೆ ವೋಲ್ಟೇಜ್ ಸಾಲದು, ನಾಲ್ಕನೆಯದಕ್ಕೆ ಕರೆಂಟೂ ಸಾಲದೇ ಹೋಗಬಹುದು. "ಪವರ್‌ಫುಲ್ ಆಂಪ್ ಬೇಕು" ಅನ್ನುವ ಮಾತಿಗೆ ಅರ್ಥ ಬರೋದು ಈ ಕೊನೆಯ ಎರಡರಲ್ಲಿ ಮಾತ್ರ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರೋದು ಮೊದಲನೇ ಜಾತಿ.

ಆ ಮೊದಲನೇ ಜಾತಿಯ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು ನೋಡ್ರಿ. ಅದರಲ್ಲಿ 80 ಡಿಬಿ ಕೇಳಲು ಬೇಕಾದದ್ದು ಬರೀ 3 ಮಿಲಿವೋಲ್ಟ್ ಚಿಲ್ಲರೆ. ಅದೇ ಇಯರ್‌ಫೋನಿಗೆ 2 ವೋಲ್ಟ್ ಕೊಡುವ ಡಬ್ಬಿ ಸಿಕ್ಕಿಸಿ ಪೂರ್ತಿ ಏರಿಸಿದರೆ, ಲೆಕ್ಕದ ಪ್ರಕಾರ ಸುಮಾರು 136 ಡಿಬಿ. 120ರ ಹೊತ್ತಿಗೇ ಕಿವಿ ನೋಯತೊಡಗುತ್ತದೆ. ಮೇಲೆ ಹೇಳಿದ ನೇರ ದಾರಿಯ ಆಪುಗಳಲ್ಲಿ ಕೆಲವೊಮ್ಮೆ ಫೋನಿನ ವಾಲ್ಯೂಮ್ ಕೆಲಸ ಮಾಡದೆ, ಹಾಡು ಪೂರ್ತಿ ಜೋರಿನಲ್ಲಿ ಶುರುವಾಗಬಹುದು. ಆದ್ದರಿಂದ ಹೊಸ ಡಬ್ಬಿ, ಹೊಸ ಆಪು, ಹೊಸ ಸೆಟ್ಟಿಂಗ್ ಯಾವುದೇ ಇರಲಿ, ಮೊದಲು ಹಾಡು ಹಚ್ಚಿ, ಆಮೇಲೆ ಕಿವಿಗೆ ಹಾಕಿಕೊಳ್ಳಿ. ಉಲ್ಟಾ ಮಾಡಬೇಡಿ.

ಔಟ್‌ಪುಟ್ ಇಂಪೆಡೆನ್ಸ್: ಲ್ಯಾಬಿನಲ್ಲೇ ಅಳೆಯಿರಿ

ಜಾಹೀರಾತಿನಲ್ಲಿ ಬರೆಯದೇ ಇರುವ ನಂಬರ್ ಇದು, ಆದರೆ ಧ್ವನಿಯ ಬಣ್ಣ ಬದಲಿಸುವುದು ಇದೇ. ಆಂಪಿನ ಔಟ್‌ಪುಟ್ ಇಂಪೆಡೆನ್ಸ್ ಮತ್ತು ಹೆಡ್‌ಫೋನಿನ ಇಂಪೆಡೆನ್ಸ್ ಸೇರಿದರೆ ಒಂದು ವೋಲ್ಟೇಜ್ ಡಿವೈಡರ್, ಫಸ್ಟ್ ಇಯರ್‌ನಲ್ಲಿ ಓದಿದ್ದೇ. ಹೆಡ್‌ಫೋನ್ ಇಂಪೆಡೆನ್ಸ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಒಳಗೆ ಹಲವು ಸಣ್ಣ ಡ್ರೈವರ್ ಇರುವ ಇಯರ್‌ಫೋನಿನಲ್ಲಿ ಅದು ಒಂದು ಕಡೆ 8 ಓಂ, ಇನ್ನೊಂದು ಕಡೆ 40 ಓಂ ಆಗಿರಬಹುದು. ಆಂಪಿನ ಇಂಪೆಡೆನ್ಸ್ 10 ಓಂ ಇದ್ದರೆ ಈ ಎರಡು ಫ್ರೀಕ್ವೆನ್ಸಿಗಳ ನಡುವೆ 5 ಡಿಬಿ ವ್ಯತ್ಯಾಸ ಬೀಳುತ್ತದೆ. 1 ಓಂ ಇದ್ದರೆ 0.8 ಡಿಬಿ ಮಾತ್ರ. ಅಂದ್ರೆ ಅದೇ ಇಯರ್‌ಫೋನ್, ಅದೇ ಹಾಡು, ಗಾಯಕನ ದನಿ ಮಾತ್ರ ಬೇರೆ. ರೂಢಿಯ ನಿಯಮ: ಆಂಪಿನ ಇಂಪೆಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ.

ಇದನ್ನು ಅಳೆಯೋದು ಅರ್ಧ ಗಂಟೆಯ ಕೆಲಸ. ಫೋನಿನಲ್ಲಿ 1 ಕಿಲೋಹರ್ಟ್ಝ್ ಸೈನ್ ವೇವ್ ಹಚ್ಚಿ, ವಾಲ್ಯೂಮ್ ಕಡಿಮೆ ಇಡಿ. ಲೋಡ್ ಇಲ್ಲದೆ ಔಟ್‌ಪುಟ್ಟನ್ನು ಡಿಎಸ್‌ಓದಲ್ಲಿ ನೋಡಿ, 200 ಮಿಲಿವೋಲ್ಟ್ ಬಂತು ಅನ್ನಿ. ಈಗ ಬ್ರೆಡ್‌ಬೋರ್ಡಿನಲ್ಲಿ 33 ಓಂ ರೆಸಿಸ್ಟರ್ ಅಡ್ಡ ಹಾಕಿ ಮತ್ತೆ ನೋಡಿ. 194 ಬಂದರೆ ಲೆಕ್ಕ ಹೀಗೆ: 200 ಭಾಗಿಸು 194, ಅದರಿಂದ 1 ಕಳೆ, 33ರಿಂದ ಗುಣಿಸು. ಉತ್ತರ ಸುಮಾರು 1 ಓಂ, ಒಳ್ಳೆ ಡಬ್ಬಿ. 153ಕ್ಕೆ ಕುಸಿದರೆ 10 ಓಂ, ಸೂಕ್ಷ್ಮ ಇಯರ್‌ಫೋನಿಗೆ ಬೇಡ. ಅಗ್ಗದ ಮಲ್ಟಿಮೀಟರಿನ ಎಸಿ ರೇಂಜು 200 ವೋಲ್ಟಿನಿಂದ ಶುರುವಾಗುತ್ತದೆ, ಈ ಕೆಲಸಕ್ಕೆ ಬರುವುದಿಲ್ಲ.

ಒಂದು ಎಚ್ಚರಿಕೆ. ಡಬ್ಬಿಯಲ್ಲಿ 4.4 ಎಂಎಂ ಬ್ಯಾಲೆನ್ಸ್ಡ್ ಔಟ್‌ಪುಟ್ ಇದ್ದರೆ, ಡಿಎಸ್‌ಓದ ಗ್ರೌಂಡ್ ಕ್ಲಿಪ್ಪನ್ನು ಅದರ ಮೈನಸ್ ಪಿನ್ನಿಗೆ ಹಚ್ಚಬೇಡಿ. ಡಿಎಸ್‌ಓ ಗ್ರೌಂಡ್ ಅಂದ್ರೆ ಅರ್ಥಿಂಗ್, ಬ್ಯಾಲೆನ್ಸ್ಡ್‌ನಲ್ಲಿ ಮೈನಸ್ ಕೂಡ ಸಿಗ್ನಲ್ಲೇ. ಆಂಪಿನ ಒಂದು ಬದಿ ಶಾರ್ಟ್ ಆಗಬಹುದು. ಇದೇ ಕಾರಣಕ್ಕೆ ಬ್ಯಾಲೆನ್ಸ್ಡ್ ತೂತಿಗೆ ಅಡಾಪ್ಟರ್ ಹಾಕಿ ಸಾಧಾರಣ 3.5 ಹೆಡ್‌ಫೋನ್ ಸಿಕ್ಕಿಸಬಾರದು.

ಸುಮ್ಮನಿರುವಾಗ ಬರುವ ಸದ್ದು

ಹಾಡು ನಿಲ್ಲಿಸಿದಾಗ ಕಿವಿಯಲ್ಲಿ "ಸ್ಸ್..." ಅಂತ ಬಂದರೆ ಅದು ಆಂಪಿನ ನಾಯ್ಸ್. ಮೇಲಿನ 16 ಓಂ ಇಯರ್‌ಫೋನಿಗೆ 10 ಮೈಕ್ರೋವೋಲ್ಟ್ ನಾಯ್ಸ್ ಕೂಡ 30 ಡಿಬಿ ಸದ್ದು. ನಿಶ್ಶಬ್ದ ಕೋಣೆಯಲ್ಲಿ ಕೇಳಿಸುತ್ತದೆ. 2 ಮೈಕ್ರೋವೋಲ್ಟ್ ಆದರೆ 16 ಡಿಬಿ, ಕೇಳಿಸುವುದಿಲ್ಲ ಅಂದರೂ ನಡೆಯುತ್ತದೆ. ಹಾಗಾಗಿ ಸೂಕ್ಷ್ಮ ಇಯರ್‌ಫೋನ್ ಇರುವವರು ಹುಡುಕಬೇಕಾದದ್ದು ಬಲಶಾಲಿ ಆಂಪ್ ಅಲ್ಲ, ಮೌನವಾಗಿರುವ ಆಂಪ್. ಲೋ ಗೇನ್ ಹಾಕಿದರೆ ಸಾಮಾನ್ಯವಾಗಿ ಈ ಸ್ಸ್ ಇಳಿಯುತ್ತದೆ.

"ಗುಂಯ್" ಅಂತ ಬಂದರೆ ಬೇರೆ ರೋಗ. ಲ್ಯಾಪ್‌ಟಾಪಿಗೆ ಡ್ಯಾಕ್ ಸಿಕ್ಕಿಸಿ, ಲ್ಯಾಪ್‌ಟಾಪ್ ಚಾರ್ಜಿಗೆ ಇದ್ದಾಗ ಮಾತ್ರ ಬರುತ್ತದೆಯೇ? ಚಾರ್ಜರ್ ಕೀಳಿ. ನಿಂತರೆ ದೋಷ ಡ್ಯಾಕಿನದಲ್ಲ, ಚಾರ್ಜರಿನ ಸೋರಿಕೆ ಕರೆಂಟಿನದು ಅಥವಾ ಅರ್ಥಿಂಗ್ ಇಲ್ಲದ ಪ್ಲಗ್ಗಿನದು. ಎಕ್ಸ್‌ಟೆನ್ಶನ್ ಬೋರ್ಡಿನ ಮೂರನೇ ಪಿನ್ನು ನಿಜವಾಗಿ ಎಲ್ಲಿಗಾದರೂ ಹೋಗಿ ಮುಟ್ಟುತ್ತದೆಯೇ ಅಂತ ಇಇಇ ಗೆಳೆಯರನ್ನು ಕೇಳ್ರಿ. ಇದು ಹಾಡಿನ ವಿಷಯವಷ್ಟೇ ಅಲ್ಲ, ಶಾಕಿನ ವಿಷಯ ಕೂಡ.

"ಟಿಟ್ ಟಿಟ್ ಟಿರ್ರ್" ಅಂತ ಬಂದರೆ ಫೋನಿನ ರೇಡಿಯೋ. ಸಿಗ್ನಲ್ ದುರ್ಬಲ ಇರುವ ಕಡೆ ಫೋನು ಜೋರಾಗಿ ಕೂಗುತ್ತದೆ. 2ಜಿಗೆ ಇಳಿದರೆ ಸೆಕೆಂಡಿಗೆ 217 ಬಾರಿ ಬಡಿಯುವ ಸದ್ದು ಆಂಪಿನೊಳಗೆ ನುಗ್ಗುತ್ತದೆ. ಡೌನ್‌ಲೋಡ್ ಮಾಡಿದ ಹಾಡು, ಏರೋಪ್ಲೇನ್ ಮೋಡ್: ಇಷ್ಟೇ ಔಷಧ. ಆಂಪನ್ನು ಫೋನಿನ ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವ ರೂಢಿ ಇದೆಯಲ್ಲ, ಸ್ವಲ್ಪ ಸರಿಸಿ ಕಟ್ಟಿದರೂ ಇದು ಕಡಿಮೆಯಾಗುತ್ತದೆ.

ಕಿವಿಯ ಬಾಗಿಲು: ಐವತ್ತು ರೂಪಾಯಿಯ ರಬ್ಬರು

ಇಡೀ ಸರಪಳಿಯಲ್ಲಿ ಅತಿ ಹೆಚ್ಚು ಧ್ವನಿ ಕೆಡೋದು ಕೊನೆಯ ಒಂದು ಸೆಂಟಿಮೀಟರಿನಲ್ಲಿ. ಇಯರ್‌ಟಿಪ್ ಕಿವಿಗೆ ಸರಿಯಾಗಿ ಕೂರದೆ ಗಾಳಿ ಸೋರಿದರೆ ಬಾಸ್ ಹೋಯ್ತು. 1 ಡಿಬಿ, 2 ಡಿಬಿ ಅಲ್ಲ, ಹತ್ತು-ಹದಿನೈದು ಡಿಬಿ ಹೋಗಬಹುದು. ಡ್ಯಾಕುಗಳ ನಡುವಿನ ವ್ಯತ್ಯಾಸ ಇದರ ಮುಂದೆ ಏನೂ ಅಲ್ಲ. ಡಬ್ಬಿಯಲ್ಲಿ ಮೂರು ಸೈಜ್ ಕೊಟ್ಟಿರೋದು ಎಸೆಯಲಿಕ್ಕಲ್ಲ. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಸೈಜ್ ಹೊಂದಿದರೂ ಆಶ್ಚರ್ಯವಿಲ್ಲ.

ಪರೀಕ್ಷೆಗೆ ನಮ್ಮಲ್ಲಿ ಒಂದು ಸೊಗಸಾದ ಸಾಧನ ಇದೆ: ತಂಬೂರಿ. ಗಂಡುದನಿಯ ಹಿಂದೂಸ್ತಾನಿ ಗಾಯಕರ ಷಡ್ಜ ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಕಪ್ಪು ಒಂದರ ಸುತ್ತ ಇರುತ್ತದೆ. ಆಗ ಮಂದ್ರ ಷಡ್ಜದ ದಪ್ಪ ತಂತಿ ಸುಮಾರು 69 ಹರ್ಟ್ಝ್. ಅದರ ಮೇಲೆ, ಜವಾರಿಯಿಂದಾಗಿ, ಸಾಲುಸಾಲು ಹಾರ್ಮೋನಿಕ್ಸ್ ಹಲವು ಕಿಲೋಹರ್ಟ್ಝ್‌ವರೆಗೆ ಮಿನುಗುತ್ತವೆ. (ಇಲ್ಲಿ ಜವಾರಿ ಅಂದ್ರೆ ನಮ್ಮ ಮೆಣಸಿನಕಾಯಿಯ ಜವಾರಿ ಅಲ್ಲ. ತಂಬೂರಿಯ ಕುದುರೆಯ ಮೇಲ್ಮೈಯನ್ನು ಹದವಾಗಿ ಉಜ್ಜಿ, ತಂತಿಯ ಕೆಳಗೆ ದಾರ ಸಿಕ್ಕಿಸಿ ತರುವ ಗುಂಜನ.) ಒಳ್ಳೆ ರೆಕಾರ್ಡಿಂಗ್ ಒಂದರಲ್ಲಿ ಆಲಾಪಕ್ಕೆ ಮೊದಲು ಬರೀ ತಂಬೂರಿ ನುಡಿಯುವ ಅರ್ಧ ನಿಮಿಷ ಆರಿಸಿಕೊಂಡು ಮೂರು ವಿಷಯ ಕೇಳಿ:

- ದಪ್ಪ ತಂತಿ ಎದೆಗೆ ಮುಟ್ಟುವಂತೆ ತುಂಬಿ ಬರುತ್ತಿದೆಯೇ? ಇಲ್ಲದಿದ್ದರೆ ಇಯರ್‌ಟಿಪ್ ಸೋರುತ್ತಿದೆ.
- ಗುಂಜನದ ಮಿನುಗು ಬಿಡಿಬಿಡಿಯಾಗಿ, ಮೇಲಿಂದ ಕೆಳಗೆ ಜಾರಿದಂತೆ ಕೇಳುತ್ತಿದೆಯೇ, ಅಥವಾ ನೀರು ಬೆರೆಸಿದಂತೆ ಗಜಿಬಿಜಿಯೇ? ಗಜಿಬಿಜಿಯಾದರೆ ಫೈಲ್ ನೋಡಿ, ಎಫೆಕ್ಟ್ ನೋಡಿ.
- ಮೀಟು ಮೀಟುಗಳ ನಡುವೆ ಹಿನ್ನೆಲೆ ಶಾಂತವಾಗಿದೆಯೇ? ಸ್ಸ್ ಅಥವಾ ಗುಂಯ್ ಇದ್ದರೆ ಗೇನ್, ಚಾರ್ಜರ್, ರೇಡಿಯೋ. ಹಾಡು ನಿಲ್ಲಿಸಿದ ಮೇಲೂ ಇದ್ದರೆ ಡಬ್ಬಿಯದು, ನಿಂತರೆ ರೆಕಾರ್ಡಿಂಗಿನದೇ.

ಕೇಳುವ ಜಾಗವೂ ಸರಪಳಿಯ ಒಂದು ಕೊಂಡಿ. ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗ ನಡೆಯುವ ಹೊತ್ತು, ಮುಂಡರಗಿ ಬಸ್ಸಿನ ಹಿಂದಿನ ಸೀಟು, ಲಕ್ಷ್ಮೇಶ್ವರದ ಸಂತೆ, ಇಲ್ಲೆಲ್ಲ ಹೊರಗಿನ ಸದ್ದೇ ತಂಬೂರಿಗಿಂತ ಜೋರು. ಬಸ್ಸಿನೊಳಗೆ 75 ಡಿಬಿ ಗದ್ದಲ ಇದ್ದು, ಹಾಡಿನ ಮೆಲ್ಲಗಿನ ಭಾಗ 55 ಡಿಬಿ ಇದ್ದರೆ, ಎಷ್ಟು ಬೆಲೆಯ ಡ್ಯಾಕ್ ಆದರೂ ಅದು ಕೇಳಿಸದು. ಆಗ ಕೈ ತಾನಾಗಿಯೇ ವಾಲ್ಯೂಮಿಗೆ ಹೋಗುತ್ತದೆ. ಚೆನ್ನಾಗಿ ಕೂತ ಇಯರ್‌ಟಿಪ್ 20 ಡಿಬಿ ಗದ್ದಲ ತಡೆದರೆ, ವಾಲ್ಯೂಮ್ ಏರಿಸದೇ ಅದೇ ಹಾಡು ಸಿಗುತ್ತದೆ. ಶಿರಹಟ್ಟಿ ಕಡೆಯವರು ರಜೆಗೆ ಊರಿಗೆ ಹೋದಾಗ, ಕಪ್ಪತಗುಡ್ಡದ ತಪ್ಪಲಿನಲ್ಲಿ ಗಾಳಿ ನಿಂತ ಒಂದು ರಾತ್ರಿ ಇದೇ ಡಬ್ಬಿಯಲ್ಲಿ ಕೇಳಿ ನೋಡಿ. ದುಡ್ಡು ಕೊಡದೆ ಸಿಕ್ಕ ಅಪ್‌ಗ್ರೇಡ್ ಅದು. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಮಾತ್ರ ಎರಡೂ ಕಿವಿ ಖಾಲಿ ಇರಲಿ.

ಹೋಲಿಸುವುದಾದರೆ ನ್ಯಾಯವಾಗಿ

ಗೆಳೆಯನ ಡಬ್ಬಿ ನಿಮ್ಮದಕ್ಕಿಂತ ಚೆನ್ನಾಗಿ ಕೇಳುತ್ತದೆ ಅನಿಸಿತೇ? ಮೊದಲು ಎರಡರ ಔಟ್‌ಪುಟ್ಟನ್ನು ಡಿಎಸ್‌ಓದಲ್ಲಿ, ಅದೇ ಹೆಡ್‌ಫೋನ್ ಹಾಕಿರುವಾಗಲೇ, ಸಮ ಮಾಡಿ. ಅರ್ಧ ಡಿಬಿ ಜೋರಾಗಿದ್ದರೂ ಮನಸ್ಸು ಅದನ್ನು "ಜೋರು" ಅನ್ನುವುದಿಲ್ಲ, "ಕ್ಲಿಯರ್" ಅನ್ನುತ್ತದೆ. ಆಮೇಲೆ ಯಾವ ಡಬ್ಬಿ ಅಂತ ಕಾಣದಂತೆ ಇನ್ನೊಬ್ಬರು ಬದಲಿಸಲಿ, ನೀವು ಹತ್ತು ಸಲ ಗುರುತಿಸಿ. ಸುಮ್ಮನೆ ಊಹಿಸಿದರೂ ಐದು ಸರಿ ಬರುತ್ತವೆ. ಎಂಟು ಅಥವಾ ಹೆಚ್ಚು ಬರುವ ಸಂಭವ 5.5 ಶೇಕಡಾ, ಒಂಬತ್ತು ಅಥವಾ ಹೆಚ್ಚು ಬರುವುದು ಬರೀ 1 ಶೇಕಡಾ. ಒಂಬತ್ತು ಬಂದರೆ ನಿಮಗೆ ನಿಜವಾಗಿ ಫರಕ್ ಗೊತ್ತಾಗುತ್ತಿದೆ. ಆರು ಬಂದರೆ ದುಡ್ಡು ಉಳಿಯಿತು ಅಂದ್ಕೊಳ್ಳಿ. ಆ ದುಡ್ಡಿನಲ್ಲಿ ಒಳ್ಳೆ ಇಯರ್‌ಫೋನ್ ತಗೊಳ್ಳಿ, ಫರಕ್ ಅಲ್ಲಿ ಸಿಗುತ್ತದೆ.

ಕಿವಿಯ ಖಾತೆ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳ: 80 ಡಿಬಿಯಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡಿಬಿ ಏರಿದರೆ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 95ಕ್ಕೆ ಬರೀ ಒಂದೂಕಾಲು ಗಂಟೆ, ಅದೂ ಇಡೀ ವಾರಕ್ಕೆ. ಮನೆಯಿಂದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವವರು, ಗದ್ದಲ ಮುಚ್ಚಲು ವಾಲ್ಯೂಮ್ ಏರಿಸುವವರು, ಸೋಮವಾರ ಸಂಜೆಗೇ ಆ ಒಂದೂಕಾಲು ಗಂಟೆ ಖರ್ಚು ಮಾಡಿರುತ್ತಾರೆ. ಒಳಗಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹಾಡು ನಿಲ್ಲಿಸಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು, ಜನ ಮಾತಾಡಿದ್ದು ಹತ್ತಿ ತುರುಕಿದಂತೆ ಕೇಳುವುದು ಎಚ್ಚರಿಕೆಯ ಗಂಟೆ. ಅಂಥದ್ದು ಬಿಡದೇ ಇದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ಫೋರಂ ಓದುತ್ತಾ ಕೂರಬೇಡಿ.

ಹೀಗಾಗಿ ಕೆಲಸದ ಅನುಕ್ರಮ ಇಷ್ಟು. ಮೊದಲು ಇಯರ್‌ಟಿಪ್. ಆಮೇಲೆ ಫೈಲು ಮತ್ತು ಸ್ಟ್ರೀಮಿಂಗ್ ಸೆಟ್ಟಿಂಗ್. ಆಮೇಲೆ ಎಫೆಕ್ಟುಗಳೆಲ್ಲ ಆಫ್, ಗೇನ್ ಲೋ. ಚಾರ್ಜರ್ ಕಿತ್ತು, ನೆಟ್ ಬಂದ್ ಮಾಡಿ ಒಮ್ಮೆ ತಂಬೂರಿ ಕೇಳಿ. ಇಷ್ಟಾದ ಮೇಲೂ ಧ್ವನಿ ಸಾಲದೆಂದರೆ ಮೇಲಿನ ಲೆಕ್ಕ ಹಾಕಿ: ವೋಲ್ಟ್ ಕಡಿಮೆಯೋ, ಕರೆಂಟ್ ಕಡಿಮೆಯೋ, ಇಂಪೆಡೆನ್ಸ್ ಹೆಚ್ಚೋ. ಹೊಸ ಡಬ್ಬಿಯ ಮಾತು ಬರೋದು ಆ ಲೆಕ್ಕ "ಹೌದು" ಅಂದಾಗ ಮಾತ್ರ. ಡಿಎಸ್‌ಓ ಲ್ಯಾಬಿನಲ್ಲಿದೆ, ರೆಸಿಸ್ಟರ್ ಒಂದೆರಡು ರೂಪಾಯಿಗೆ ಸಿಗುತ್ತದೆ. ಬಿಡುವಿದ್ದಾಗ ನಾಲ್ಕು ಜನ ನಾಲ್ಕು ಡಬ್ಬಿ ತಂದು ಅಳೆದು ನೋಡ್ರಿ. ಯಾರದ್ದು ಎಷ್ಟು ಓಂ ಬಂತು ಅಂತ ಮುಂದಿನ ಸಂಚಿಕೆಗೆ ಬರೆದು ಕಳಿಸಿದರೆ, ಉಳಿದವರ ದುಡ್ಡು ಉಳಿಯುತ್ತದೆ.